ಮುಚ್ಚಳಿಕೆ ಬರೆದುಕೊಟ್ಟ ವಿದ್ಯಾರ್ಥಿಗಳು

ಎರಡು ವರ್ಷದ ಹಿಂದೆ ನನಗೊಂದು ಅನುವಾದದ ಕೆಲಸ ಬಂತು. ಮಕ್ಕಳ ರಕ್ಷಣೆಯ ಕೆಲಸಕ್ಕೆ ಹೊಸದಾಗಿ ಸೇರುವವರಿಗಾಗಿ ಬರೆದ ಕೈಪಿಡಿ. ಬೇರೆ ದೇಶಗಳಲ್ಲಿ ಈ ಕೆಲಸಕ್ಕೆ ಜನರನ್ನು ಹೇಗೆ ತಯಾರು ಮಾಡುತ್ತಾರೆ ಎಂದು ಹೇಳುವ ಒಂದು ಪುಟ ಅದರಲ್ಲಿತ್ತು. ಅಮೆರಿಕದ ಬಗ್ಗೆ ಮೂರೇ ಸಾಲು. ಸಮಾಜಕಾರ್ಯ ಓದುವ ವಿದ್ಯಾರ್ಥಿಗೆ ಸರ್ಕಾರ ಓದಿನ ಖರ್ಚು ಕೊಡುತ್ತದೆ. ಎಷ್ಟು ವರ್ಷ ಹಣ ಪಡೆದರೋ ಅಷ್ಟು ವರ್ಷ ಅವರು ಸರ್ಕಾರದ ಮಕ್ಕಳ ಕಲ್ಯಾಣ ಕಚೇರಿಯಲ್ಲಿ ದುಡಿಯಬೇಕು. ತಪ್ಪಿದರೆ ಹಣ ವಾಪಸು ಕಟ್ಟಬೇಕು.

ಇದಕ್ಕೆ ಮೂಲದಲ್ಲಿದ್ದ ಶಬ್ದ ‘ಟ್ರೇನೀಶಿಪ್’. ಅದರ ಮುಂದೆ ಅರ್ಧ ದಿನ ಕೂತೆ. ‘ವಿದ್ಯಾರ್ಥಿವೇತನ’ ಎಂದರೆ ಅಂಕ ನೋಡಿ, ಮೆಚ್ಚಿ ಕೊಟ್ಟದ್ದು ಎನಿಸುತ್ತದೆ. ‘ಶಿಷ್ಯವೇತನ’ ಹತ್ತಿರ ಬರುತ್ತದೆ, ಆದರೆ ಅದರಲ್ಲಿ ಷರತ್ತು ಕಾಣುವುದಿಲ್ಲ. ‘ಸಾಲ’ ಎನ್ನುವಂತಿಲ್ಲ, ಕೆಲಸ ಮಾಡಿದರೆ ಒಂದು ಪೈಸೆಯನ್ನೂ ತೀರಿಸಬೇಕಾಗಿಲ್ಲ. ಕೊನೆಗೆ ನೆನಪಾದದ್ದು ಹಳೆಯ ಕಾಗದಪತ್ರಗಳ ಮಾತು: ಮುಚ್ಚಳಿಕೆ. ಹೀಗೆ ನಡೆದುಕೊಳ್ಳುತ್ತೇನೆ, ತಪ್ಪಿದರೆ ಇಂಥ ದಂಡಕ್ಕೆ ಗುರಿಯಾಗುತ್ತೇನೆ ಎಂದು ಬರೆದುಕೊಡುವ ಪತ್ರ. ‘ಸೇವಾ ಮುಚ್ಚಳಿಕೆಯ ಮೇಲಿನ ಶಿಷ್ಯವೇತನ’ ಎಂದು ಬರೆದು ಕಳಿಸಿದೆ. ಅಚ್ಚಾಗಿ ಬಂದಾಗ ಅದು ‘ಸ್ಟೈಪೆಂಡ್’ ಆಗಿತ್ತು.

ಶಬ್ದ ಹೋದರೂ ಪ್ರಶ್ನೆ ಉಳಿಯಿತು. ವೈದ್ಯರಿಂದ ಗ್ರಾಮೀಣ ಸೇವೆಯ ಬಾಂಡ್ ಬರೆಸಿಕೊಳ್ಳುವುದು ನಮಗೆಲ್ಲ ಗೊತ್ತು. ಆದರೆ ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಬಾಂಡ್ ಏಕೆ? ಅದಕ್ಕೆ ಜನ ಬರುತ್ತಿರಲಿಲ್ಲವೇ? ಬಂದವರು ನಿಲ್ಲುತ್ತಿರಲಿಲ್ಲವೇ? ಈ ಪ್ರಶ್ನೆಗಳ ಬೆನ್ನು ಹತ್ತಿ ಓದುತ್ತ ಹೋದಾಗ ನೂರೈವತ್ತು ವರ್ಷದ ಒಂದು ಜಗಳ ತೆರೆದುಕೊಂಡಿತು. ಇನ್ನೊಬ್ಬರ ಮನೆಯ ಬಾಗಿಲು ತಟ್ಟಿ, ಈ ಮಗು ಇಲ್ಲೇ ಇರಬೇಕೋ ಬೇರೆಡೆಗೆ ಹೋಗಬೇಕೋ ಎಂದು ಹೇಳುವವರಿಗೆ ಒಳ್ಳೆಯ ಮನಸ್ಸಷ್ಟೇ ಸಾಕೇ, ಓದೂ ಬೇಕೇ? ಓದು ಬೇಕೆಂದರೆ ಅದರ ದುಡ್ಡು ಯಾರು ಕೊಡಬೇಕು?

ರೈಲು ಹತ್ತಿದ ಮಕ್ಕಳು

ಕಥೆ ಶುರುವಾಗುವುದು ಒಳ್ಳೆಯ ಮನಸ್ಸಿನಿಂದಲೇ. 1853ರಲ್ಲಿ ನ್ಯೂಯಾರ್ಕಿನಲ್ಲಿ ಚಾರ್ಲ್ಸ್ ಲೋರಿಂಗ್ ಬ್ರೇಸ್ ಎಂಬ ಯುವ ಪಾದ್ರಿ ಮಕ್ಕಳ ನೆರವಿನ ಸಂಘವೊಂದನ್ನು ಕಟ್ಟಿದರು. ನಗರದ ಬೀದಿಗಳಲ್ಲಿ ಸಾವಿರಾರು ಮಕ್ಕಳು ಮಲಗುತ್ತಿದ್ದ ಕಾಲ. ಅವರನ್ನು ದೊಡ್ಡ ಅನಾಥಾಲಯಗಳಲ್ಲಿ ತುಂಬುವುದಕ್ಕಿಂತ ಪಶ್ಚಿಮದ ರೈತ ಕುಟುಂಬಗಳಿಗೆ ಒಪ್ಪಿಸುವುದು ಮೇಲು ಎಂದು ಬ್ರೇಸ್ ನಂಬಿದ್ದರು. 1854ರಲ್ಲಿ ಮೊದಲ ತಂಡ ಮಿಷಿಗನ್ ರಾಜ್ಯದ ಒಂದು ಸಣ್ಣ ಊರಿಗೆ ಹೋಯಿತು. ಮುಂದೆ 1929ರವರೆಗೆ, ಬೇರೆ ಬೇರೆ ಸಂಸ್ಥೆಗಳು ಸೇರಿ, ಸುಮಾರು 2 ಲಕ್ಷ ಮಕ್ಕಳನ್ನು ಹೀಗೆ ಕಳಿಸಿದವು. ಇತಿಹಾಸದಲ್ಲಿ ಇವಕ್ಕೆ ‘ಅನಾಥರ ರೈಲು’ ಎಂಬ ಹೆಸರು ನಿಂತಿದೆ.

ಹೆಸರು ಪೂರ್ತಿ ಸರಿಯಲ್ಲ. ಆ ಮಕ್ಕಳಲ್ಲಿ ಎಷ್ಟೋ ಜನರಿಗೆ ತಾಯಿಯೋ ತಂದೆಯೋ ಬದುಕಿದ್ದರು. ರೈಲು ನಿಂತ ಊರಿನಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸುತ್ತಿದ್ದರು. ಬಂದವರು ನೋಡಿ ಆರಿಸಿಕೊಳ್ಳುತ್ತಿದ್ದರು. ಕೆಲವರಿಗೆ ನಿಜಕ್ಕೂ ಮನೆ ಸಿಕ್ಕಿತು. ಕೆಲವರು ಕೂಲಿಯಿಲ್ಲದ ಆಳುಗಳಾದರು. ಅಣ್ಣತಮ್ಮಂದಿರು ಬೇರೆ ಬೇರೆ ನಿಲ್ದಾಣಗಳಲ್ಲಿ ಇಳಿದು ಮತ್ತೆ ಒಬ್ಬರನ್ನೊಬ್ಬರು ನೋಡಲೇ ಇಲ್ಲ. ಆ ಮನೆ ಎಂಥದ್ದು, ಮಗು ಹೇಗಿದೆ ಎಂದು ಮತ್ತೆ ಹೋಗಿ ನೋಡಲು ಸಂಸ್ಥೆಯ ಬಳಿ ಇದ್ದದ್ದು ಬೆರಳೆಣಿಕೆಯ ಏಜೆಂಟರು. ಅವರನ್ನು ಈ ಕೆಲಸಕ್ಕೆ ತಯಾರು ಮಾಡಿದ ಶಾಲೆ ಯಾವುದೂ ಇರಲಿಲ್ಲ.

ಅದೇ ನ್ಯೂಯಾರ್ಕಿನಲ್ಲಿ 1874ರಲ್ಲಿ ಮೇರಿ ಎಲೆನ್ ವಿಲ್ಸನ್ ಎಂಬ ಬಾಲಕಿಯ ಪ್ರಕರಣ ನಡೆಯಿತು. ಸಾಕಿದವರು ಅವಳನ್ನು ಹೊಡೆದು, ಕೂಡಿಹಾಕಿ ಇಟ್ಟಿದ್ದರು. ಎಟ್ಟಾ ವೀಲರ್ ಎಂಬ ಚರ್ಚಿನ ಸೇವಕಿ ವಿಷಯ ತಿಳಿದು ಕಚೇರಿಯಿಂದ ಕಚೇರಿಗೆ ಅಲೆದರು. ಕೊನೆಗೆ ನೆರವಿಗೆ ಬಂದವರು ಪ್ರಾಣಿದಯಾ ಸಂಘ ಕಟ್ಟಿದ್ದ ಹೆನ್ರಿ ಬರ್ಗ್. ಪ್ರಾಣಿಗಳ ಕಾಯ್ದೆಯಡಿ ಮಗುವನ್ನು ಬಿಡಿಸಿದರು ಎಂಬ ಕಥೆ ಇಂದಿಗೂ ಭಾಷಣಗಳಲ್ಲಿ ಓಡಾಡುತ್ತದೆ, ಅದು ನಿಜವಲ್ಲ. ಬರ್ಗ್ ವೈಯಕ್ತಿಕವಾಗಿ ಮುಂದೆ ಬಂದರು, ಅವರ ವಕೀಲರು ಮನುಷ್ಯರಿಗಿದ್ದ ಕಾನೂನನ್ನೇ ಹಿಡಿದು ಮಗುವನ್ನು ನ್ಯಾಯಾಲಯದ ಮುಂದೆ ತಂದರು. ಕಾನೂನು ಇತ್ತು. ಅದನ್ನು ಕೈಯಲ್ಲಿ ಹಿಡಿದು ಆ ಬಾಗಿಲಿಗೆ ಹೋಗುವುದೇ ತನ್ನ ಕೆಲಸ ಎನ್ನುವ ಮನುಷ್ಯರು ಇರಲಿಲ್ಲ.

‘ಸೇವೆ’ ಕೆಲಸವಾದ ಬಗೆ

ಕನ್ನಡದಲ್ಲಿ ‘ಸಮಾಜಸೇವಕರು’ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಫ್ಲೆಕ್ಸಿನಲ್ಲಿ ಕೈಮುಗಿದು ನಿಂತವರ ಚಿತ್ರ. ಅದಕ್ಕೇ ವಿಶ್ವವಿದ್ಯಾಲಯಗಳು ‘ಸಮಾಜಕಾರ್ಯ’ ಎಂಬ ಬೇರೆ ಶಬ್ದ ಮಾಡಿಕೊಂಡವು. ಸೇವೆ ಬೇರೆ, ಕಾರ್ಯ ಬೇರೆ ಎಂದು ಹೇಳಬೇಕಾಗಿ ಬಂದದ್ದು ನಮಗಷ್ಟೇ ಅಲ್ಲ.

1897ರಲ್ಲಿ ಟೊರಾಂಟೊ ನಗರದಲ್ಲಿ ಧರ್ಮಕಾರ್ಯ ಸಂಸ್ಥೆಗಳ ದೊಡ್ಡ ಸಮ್ಮೇಳನ ನಡೆಯಿತು. ಅಲ್ಲಿ ಬಾಲ್ಟಿಮೋರಿನ ಮೇರಿ ರಿಚ್ಮಂಡ್ ಎದ್ದು ನಿಂತು, ಈ ಕೆಲಸಕ್ಕೆ ಒಂದು ತರಬೇತಿ ಶಾಲೆ ಬೇಕು ಎಂದು ವಾದಿಸಿದರು. ಅವರು ಕಾಲೇಜು ಮೆಟ್ಟಿಲು ಹತ್ತಿದವರಲ್ಲ. ಬಡಕುಟುಂಬಗಳ ನೆರವಿನ ಸಂಘದಲ್ಲಿ ಲೆಕ್ಕ ನೋಡುವ ಕೆಲಸದಿಂದ ಮೇಲೆ ಬಂದವರು. ಒಬ್ಬೊಬ್ಬ ಹೊಸ ಕಾರ್ಯಕರ್ತೆ ತನ್ನ ತಪ್ಪುಗಳಿಂದ ಕಲಿಯುವುದು ಹೌದು, ಆದರೆ ಆ ತಪ್ಪುಗಳ ಬೆಲೆ ತೆರುವವರು ಬಡವರು ಎಂಬುದು ಅವರ ಕಳಕಳಿಯ ತಿರುಳು. ಮರುವರ್ಷ, 1898ರ ಬೇಸಿಗೆಯಲ್ಲಿ, ನ್ಯೂಯಾರ್ಕಿನಲ್ಲಿ ಆರು ವಾರಗಳ ಶಿಬಿರ ಶುರುವಾಯಿತು. 1904ರ ಹೊತ್ತಿಗೆ ಅದು ಒಂದು ವರ್ಷದ ಕೋರ್ಸಾಯಿತು. ಇಂದಿನ ಕೊಲಂಬಿಯಾ ವಿಶ್ವವಿದ್ಯಾಲಯದ ಸಮಾಜಕಾರ್ಯ ವಿಭಾಗದ ಬೇರು ಅದು.

ಇನ್ನೊಂದು ಬೇರು ಶಿಕಾಗೋದಲ್ಲಿ. ಹಲ್ ಹೌಸ್ ಎಂಬ ನೆರೆಮನೆಯ ಸುತ್ತ ಸೇರಿದ್ದ ಹೆಂಗಸರ ಗುಂಪು ಅಲ್ಲಿ ಬಡತನವನ್ನು ಬರೇ ಕರುಣೆಯಿಂದ ನೋಡುತ್ತಿರಲಿಲ್ಲ. ಮನೆಮನೆ ಎಣಿಸಿ, ಕೂಲಿ ಬರೆದುಕೊಂಡು, ಚರಂಡಿಯ ನಕ್ಷೆ ತೆಗೆದು ನೋಡುತ್ತಿತ್ತು. ಆ ಗುಂಪಿನ ಸೋಫೋನಿಸ್ಬಾ ಬ್ರೆಕಿನ್‌ರಿಜ್ ಮತ್ತು ಈಡಿತ್ ಆಬಟ್ ತಮ್ಮ ತರಬೇತಿ ಶಾಲೆಯನ್ನು 1920ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಒಳಗೆ ಸೇರಿಸಿದರು. ಇದು ಕಲಿತು ಮಾಡುವ ವೃತ್ತಿ ಎಂದು ಅವರು ಪಟ್ಟು ಹಿಡಿದಿದ್ದರು. ಎಲ್ಲರೂ ಒಪ್ಪಿರಲಿಲ್ಲ. ವೈದ್ಯಕೀಯ ಶಿಕ್ಷಣವನ್ನು ಬದಲಿಸಿದ ವರದಿಗೆ ಹೆಸರಾದ ಏಬ್ರಹಾಂ ಫ್ಲೆಕ್ಸ್‌ನರ್, 1915ರಲ್ಲಿ ಸಮಾಜಕಾರ್ಯದವರ ಸಭೆಗೇ ಬಂದು, ನಿಮ್ಮದು ಇನ್ನೂ ವೃತ್ತಿ ಆಗಿಲ್ಲ ಎಂದು ಹೇಳಿ ಹೋದರು. ಎರಡು ವರ್ಷಕ್ಕೆ ರಿಚ್ಮಂಡ್ ‘ಸೋಶಿಯಲ್ ಡಯಾಗ್ನೋಸಿಸ್’ ಎಂಬ ದಪ್ಪ ಪುಸ್ತಕ ತಂದರು. ಒಂದು ಕುಟುಂಬದ ಬಗ್ಗೆ ತೀರ್ಮಾನಕ್ಕೆ ಬರುವ ಮೊದಲು ಯಾರನ್ನು ಕೇಳಬೇಕು, ಯಾವ ಸಾಕ್ಷ್ಯವನ್ನು ಎಷ್ಟು ನಂಬಬೇಕು ಎಂಬುದೇ ಅದರ ವಿಷಯ.

ಈ ನಡುವೆ ಸರ್ಕಾರವೂ ಕಣ್ಣು ಬಿಟ್ಟಿತ್ತು. 1909ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಶ್ವೇತಭವನದಲ್ಲಿ ಪರಾವಲಂಬಿ ಮಕ್ಕಳ ಬಗ್ಗೆ ಸಮಾವೇಶ ಕರೆದರು. ಬಡತನ ಒಂದೇ ಕಾರಣಕ್ಕೆ ಮಗುವನ್ನು ಮನೆಯಿಂದ ಬಿಡಿಸಬಾರದು ಎಂದು ಆ ಸಭೆ ತೀರ್ಮಾನಿಸಿತು. ಈ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದೆ ಇದೇ ತಲೆಕೆಳಗಾಗಿ ಬರುತ್ತದೆ. 1912ರಲ್ಲಿ ಮಕ್ಕಳ ಇಲಾಖೆ, ಅಂದರೆ ಚಿಲ್ಡ್ರನ್ಸ್ ಬ್ಯೂರೋ ಹುಟ್ಟಿತು. ಅದರ ಮುಖ್ಯಸ್ಥೆಯಾಗಿ ಹಲ್ ಹೌಸಿನ ಜೂಲಿಯಾ ಲೇತ್ರಪ್ ಬಂದರು. ಅಮೆರಿಕದ ಕೇಂದ್ರ ಸರ್ಕಾರದ ಬ್ಯೂರೋ ಒಂದರ ಚುಕ್ಕಾಣಿ ಹಿಡಿದ ಮೊದಲ ಮಹಿಳೆ ಅವರು.

ರಜೆ ಕೊಟ್ಟು ಓದಲು ಕಳಿಸಿದ್ದು

1935ರ ಸಾಮಾಜಿಕ ಭದ್ರತಾ ಕಾಯ್ದೆ ಎಂದರೆ ಸಾಮಾನ್ಯವಾಗಿ ನೆನಪಾಗುವುದು ಪಿಂಚಣಿ. ಅದರ ಐದನೆಯ ಅಧ್ಯಾಯದಲ್ಲಿ ಒಂದು ಸಣ್ಣ ಭಾಗ ಮಕ್ಕಳ ಕಲ್ಯಾಣ ಸೇವೆಗಳದ್ದು. ಇಡೀ ದೇಶಕ್ಕೆ ವರ್ಷಕ್ಕೆ 15 ಲಕ್ಷ ಡಾಲರ್, ಅದೂ ಮುಖ್ಯವಾಗಿ ಹಳ್ಳಿಗಾಡಿಗೆ. ನಗರಗಳಲ್ಲಿ ಖಾಸಗಿ ಸಂಸ್ಥೆಗಳಿದ್ದವು. ಹಳ್ಳಿಗಳಲ್ಲಿ ಯಾರೂ ಇರಲಿಲ್ಲ.

ಹಣ ಬಂದ ಮೇಲೆ ರಾಜ್ಯಗಳಿಗೆ ಗೊತ್ತಾಯಿತು, ಕೆಲಸಕ್ಕೆ ಹಾಕಿಕೊಳ್ಳೋಣವೆಂದರೆ ಕಲಿತವರೇ ಇಲ್ಲ. ಆಗ ಒಂದು ದಾರಿ ಮಾಡಿಕೊಂಡರು. ಇರುವ ನೌಕರರಿಗೆ ಓದಿನ ರಜೆ ಕೊಟ್ಟು, ಖರ್ಚು ಕೊಟ್ಟು, ಸಮಾಜಕಾರ್ಯದ ಶಾಲೆಗೆ ಕಳಿಸುವುದು. ಓದಿ ಬಂದವರು ಮತ್ತೆ ಅದೇ ಇಲಾಖೆಯಲ್ಲಿ ಕೆಲಸ ಮಾಡುವುದು. ನನ್ನ ಕೈಪಿಡಿಯ ಮೂರು ಸಾಲಿನ ವ್ಯವಸ್ಥೆಯ ಅಜ್ಜ ಇದು. ದೊಡ್ಡ ಸಿದ್ಧಾಂತದಿಂದ ಹುಟ್ಟಿದ್ದಲ್ಲ, ಜನ ಸಿಗದ ಕಷ್ಟದಿಂದ ಹುಟ್ಟಿದ್ದು.

1962ರಲ್ಲಿ ಇದಕ್ಕೆ ಕಾನೂನಿನಲ್ಲಿ ಹೆಸರು ಸಿಕ್ಕಿತು. ಆ ವರ್ಷದ ತಿದ್ದುಪಡಿ, ಮಕ್ಕಳ ಕಲ್ಯಾಣದ ಕೆಲಸಕ್ಕೆ ಜನರನ್ನು ತಯಾರು ಮಾಡಲು ಕೇಂದ್ರ ಸರ್ಕಾರ ವಿಶ್ವವಿದ್ಯಾಲಯಗಳಿಗೆ ನೇರವಾಗಿ ಹಣ ಕೊಡಬಹುದು ಎಂದಿತು. ‘ಟ್ರೇನೀಶಿಪ್’ ಶಬ್ದ ಅಲ್ಲಿದೆ. ಅದೇ 1962ರಲ್ಲಿ ಕೊಲರಾಡೋದ ಮಕ್ಕಳ ವೈದ್ಯ ಹೆನ್ರಿ ಕೆಂಪ್ ಮತ್ತು ಸಂಗಡಿಗರು ಒಂದು ಲೇಖನ ಪ್ರಕಟಿಸಿದರು. ಬಿದ್ದು ಪೆಟ್ಟಾಯಿತು ಎಂದು ಆಸ್ಪತ್ರೆಗೆ ತಂದ ಎಷ್ಟೋ ಮಕ್ಕಳ ಮೂಳೆಯ ಎಕ್ಸ್‌ರೇಗಳು ಬೇರೆಯೇ ಕಥೆ ಹೇಳುತ್ತಿವೆ, ಇವರು ಹೊಡೆತ ತಿಂದ ಮಕ್ಕಳು ಎಂದು ಅದು ಹೇಳಿತು. ದೇಶ ಬೆಚ್ಚಿತು. ಐದಾರು ವರ್ಷದಲ್ಲಿ ರಾಜ್ಯಗಳೆಲ್ಲ ಕಾನೂನು ಮಾಡಿದವು: ಮಗುವಿಗೆ ಹಿಂಸೆಯಾಗಿದೆ ಎಂಬ ಅನುಮಾನ ಬಂದರೆ ವೈದ್ಯರು ವರದಿ ಮಾಡಲೇಬೇಕು. ಆಮೇಲೆ ಶಿಕ್ಷಕರೂ ಇತರರೂ ಈ ಪಟ್ಟಿಗೆ ಸೇರಿದರು.

ವರದಿ ಬಂತೆಂದರೆ ಯಾರೋ ಹೋಗಿ ನೋಡಬೇಕು. ದೂರುಗಳು ಹೆಚ್ಚಿದ ವೇಗದಲ್ಲಿ ಕಲಿತವರು ಹೆಚ್ಚಲಿಲ್ಲ. ಯಾವುದಾದರೊಂದು ಪದವಿ ಇದ್ದರೆ ಸಾಕು ಎಂದು ರಾಜ್ಯಗಳು ಅರ್ಹತೆಯನ್ನು ಸಡಿಲಿಸಿದವು. 1980ರ ದಶಕದ ಕೊನೆಯಲ್ಲಿ ನಡೆದ ದೇಶವ್ಯಾಪಿ ಸಮೀಕ್ಷೆಯೊಂದರಲ್ಲಿ ಈ ಕೆಲಸದಲ್ಲಿದ್ದವರ ಪೈಕಿ ಸಮಾಜಕಾರ್ಯದ ಪದವಿ ಇದ್ದವರು ಶೇ 28 ಮಾತ್ರ. ರಿಚ್ಮಂಡ್ ಭಾಷಣ ಮಾಡಿ ಆಗಲೇ ತೊಂಬತ್ತು ವರ್ಷವಾಗಿತ್ತು.

ಮಗುವಿನ ಹಿಂದೆ ನಡೆದ ಹಣ

ಇಲ್ಲಿ ಕಥೆಯ ಇನ್ನೊಂದು ಎಳೆ ಹಿಡಿಯಬೇಕು, ಏಕೆಂದರೆ ಇಂದಿನ ಶಿಷ್ಯವೇತನ ಹುಟ್ಟಿದ್ದು ಅದರಿಂದ.

1960ರಲ್ಲಿ ಲೂಸಿಯಾನಾ ರಾಜ್ಯ ಸುಮಾರು 23,000 ಮಕ್ಕಳ ಹೆಸರನ್ನು ಬಡಕುಟುಂಬಗಳ ಸಹಾಯಧನದ ಪಟ್ಟಿಯಿಂದ ಹೊಡೆದುಹಾಕಿತು. ತಾಯಿ ಮದುವೆಯಾಗದೆ ಮಗು ಹೆತ್ತಿದ್ದಾಳೆ, ಆದ್ದರಿಂದ ಅದು ‘ತಕ್ಕ ಮನೆ’ ಅಲ್ಲ ಎಂಬುದು ಕೊಟ್ಟ ಕಾರಣ. ಆ ಮಕ್ಕಳಲ್ಲಿ ಬಹುಪಾಲು ಕಪ್ಪು ಜನರ ಮಕ್ಕಳು. ದೇಶದೆಲ್ಲೆಡೆ ಗದ್ದಲವಾಯಿತು. ಮರುವರ್ಷದ ಆರಂಭದಲ್ಲಿ ಸಚಿವ ಆರ್ಥರ್ ಫ್ಲೆಮಿಂಗ್ ಒಂದು ನಿಯಮ ತಂದರು: ಮನೆ ಸರಿಯಿಲ್ಲ ಎನ್ನುವ ರಾಜ್ಯ ಸುಮ್ಮನೆ ಹಣ ನಿಲ್ಲಿಸುವಂತಿಲ್ಲ, ಮನೆಯನ್ನು ಸರಿಪಡಿಸಲು ನೆರವಾಗಬೇಕು, ಇಲ್ಲವೇ ಮಗುವನ್ನು ಬೇರೆ ಸುರಕ್ಷಿತ ಜಾಗದಲ್ಲಿ ಇಡಬೇಕು. ಹಾಗೆ ಬೇರೆ ಕಡೆ ಇಟ್ಟ ಮಗುವಿನ ಖರ್ಚಿಗೆ ಸಂಸತ್ತು 1961ರಲ್ಲಿ ಕೇಂದ್ರದ ಹಣ ಒದಗಿಸಿತು.

ಉದ್ದೇಶ ನ್ಯಾಯದ್ದು. ಪರಿಣಾಮ ವಿಚಿತ್ರದ್ದು. ಬಡ ತಾಯಿಯ ಮನೆಯಿಂದ ಮಗು ಹೊರಗೆ ಬಂದರೆ ಅದರ ಹಿಂದೆಯೇ ಕೇಂದ್ರದ ಹಣ ಬರುತ್ತದೆ. ಮನೆಯಲ್ಲೇ ಉಳಿಸಿ ನೆರವಾಗಲು ಬರುವ ಹಣ ತೀರ ಕಡಿಮೆ. ಬಡತನಕ್ಕಾಗಿ ಮಗುವನ್ನು ಬಿಡಿಸಬಾರದು ಎಂದ 1909ರ ಮಾತು ತಲೆಕೆಳಗಾಯಿತು ಎಂದೆನಲ್ಲ, ಅದು ಹೀಗೆ.

1970ರ ದಶಕದಲ್ಲಿ ಲಕ್ಷಾಂತರ ಮಕ್ಕಳು ‘ಫಾಸ್ಟರ್ ಕೇರ್’ನಲ್ಲಿದ್ದರು. ಹೆತ್ತವರಲ್ಲದ ಕುಟುಂಬ ಸರ್ಕಾರದ ಪರವಾಗಿ ಮಗುವನ್ನು ನೋಡಿಕೊಳ್ಳುವ ಈ ಏರ್ಪಾಟನ್ನು ಇಲ್ಲಿ ‘ಸಾಕುಮನೆ’ ಎನ್ನುತ್ತೇನೆ. ಎಷ್ಟೋ ಮಕ್ಕಳು ಒಂದು ಸಾಕುಮನೆಯಿಂದ ಇನ್ನೊಂದಕ್ಕೆ ಹೋಗುತ್ತ, ಸ್ವಂತ ಮನೆಗೂ ಮರಳದೆ, ದತ್ತುವೂ ಹೋಗದೆ ಬೆಳೆದರು. ಮೂಲನಿವಾಸಿ ಬುಡಕಟ್ಟುಗಳಲ್ಲಂತೂ ಪ್ರತಿ ಮೂರು ನಾಲ್ಕು ಮಕ್ಕಳಲ್ಲಿ ಒಂದನ್ನು ಮನೆಯಿಂದ ಒಯ್ದಿದ್ದರು ಎಂದು ಸಂಸತ್ತಿನ ಮುಂದೆ ಬಂದ ಸಮೀಕ್ಷೆಗಳು ಹೇಳಿದವು. ಅದನ್ನು ತಡೆಯಲು 1978ರಲ್ಲಿ ಪ್ರತ್ಯೇಕ ಕಾಯ್ದೆಯೇ ಬಂತು. 1980ರ ಜೂನಿನಲ್ಲಿ ಅಧ್ಯಕ್ಷ ಕಾರ್ಟರ್ ಇನ್ನೊಂದು ದೊಡ್ಡ ಕಾಯ್ದೆಗೆ ಸಹಿ ಹಾಕಿದರು. ಮಗುವನ್ನು ಬಿಡಿಸುವ ಮೊದಲು ಮನೆ ಉಳಿಸಲು ತಕ್ಕ ಪ್ರಯತ್ನ ಮಾಡಿರಬೇಕು, ಬಿಡಿಸಿದ ಮೇಲೆ ಕಾಲಕಾಲಕ್ಕೆ ಪ್ರಕರಣವನ್ನು ಮರುಪರಿಶೀಲಿಸಬೇಕು ಎಂದು ಅದು ವಿಧಿಸಿತು. ಅದರಿಂದ ಹುಟ್ಟಿದ ಹೊಸ ಅಧ್ಯಾಯದ ಹೆಸರು ಟೈಟಲ್ ಫೋರ್-ಇ. ಅದರೊಳಗೆ ಒಂದು ಸಾಲು: ಈ ಕೆಲಸದಲ್ಲಿರುವವರ ಮತ್ತು ಈ ಕೆಲಸಕ್ಕೆ ಸಿದ್ಧರಾಗುತ್ತಿರುವವರ ತರಬೇತಿಯ ವೆಚ್ಚದಲ್ಲಿ ಶೇ 75ನ್ನು ಕೇಂದ್ರ ಭರಿಸುತ್ತದೆ.

ಆ ಸಾಲನ್ನು ಸುಮಾರು ಹತ್ತು ವರ್ಷ ಹೆಚ್ಚಿನ ರಾಜ್ಯಗಳು ಮುಟ್ಟಲಿಲ್ಲ. ಉಳಿದ ಶೇ 25 ಎಲ್ಲಿಂದ ತರುವುದು ಎಂಬುದು ಒಂದು ತೊಡಕು. ಇನ್ನೊಂದು ತೊಡಕು ಕಾಲೇಜುಗಳದ್ದೇ. ಸಮಾಜಕಾರ್ಯ ಓದಿದವರು ಅಷ್ಟರಲ್ಲಿ ಖಾಸಗಿ ಕ್ಲಿನಿಕ್ಕುಗಳ ಆಪ್ತಸಮಾಲೋಚನೆಯ ಕಡೆ ಹೊರಳಿದ್ದರು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಡೀನ್ ಆಗಿದ್ದ ಹ್ಯಾರಿ ಸ್ಪೆಕ್ಟ್‌ಗೆ ಇದರ ಬಗ್ಗೆ ಸಿಟ್ಟಿತ್ತು. ಸಮಾಜಕಾರ್ಯ ತನ್ನ ಮೂಲ ಕೆಲಸವನ್ನೇ ಕೈಬಿಟ್ಟಿದೆ ಎಂದು ಮಾರ್ಕ್ ಕೋರ್ಟ್ನಿ ಜತೆ ಸೇರಿ ಪುಸ್ತಕವನ್ನೇ ಬರೆದರು. ಆದರೆ ಬೈದು ಸುಮ್ಮನಾಗಲಿಲ್ಲ. 1990ರಲ್ಲಿ ರಾಜ್ಯದ ಸಮಾಜಕಾರ್ಯ ಶಾಲೆಗಳನ್ನೂ ಜಿಲ್ಲೆಗಳ ಕಲ್ಯಾಣಾಧಿಕಾರಿಗಳನ್ನೂ ಒಂದೇ ಮೇಜಿಗೆ ತಂದ ಒಕ್ಕೂಟವೊಂದು ಬರ್ಕ್ಲಿಯಲ್ಲಿ ಶುರುವಾಯಿತು. ಅವರು ಆ ಮರೆತ ಸಾಲನ್ನು ಕೈಗೆತ್ತಿಕೊಂಡರು. ಶೇ 25ಕ್ಕೂ ದಾರಿ ಇತ್ತು: ಸರ್ಕಾರಿ ವಿಶ್ವವಿದ್ಯಾಲಯ ಈಗಾಗಲೇ ಅಧ್ಯಾಪಕರ ಸಂಬಳಕ್ಕೆ, ಕಟ್ಟಡಕ್ಕೆ ಮಾಡುತ್ತಿರುವ ಖರ್ಚನ್ನೇ ರಾಜ್ಯದ ಪಾಲೆಂದು ತೋರಿಸಬಹುದು. ಹೊಸ ಹಣ ಹೊಂಚಬೇಕಾಗಿಲ್ಲ. ಸ್ವಲ್ಪ ಕಾಲದಲ್ಲೇ ಬೇರೆ ಬೇರೆ ರಾಜ್ಯಗಳೂ ಇದೇ ದಾರಿ ಹಿಡಿದವು.

ಪತ್ರದಲ್ಲಿ ಏನಿರುತ್ತದೆ

ಕ್ಯಾಲಿಫೋರ್ನಿಯಾದಲ್ಲಿ ಪೂರ್ಣಾವಧಿ ಎಂ.ಎಸ್.ಡಬ್ಲ್ಯು. ವಿದ್ಯಾರ್ಥಿಗೆ ಬಹಳ ವರ್ಷ ಸಿಗುತ್ತಿದ್ದದ್ದು ವರ್ಷಕ್ಕೆ 18,500 ಡಾಲರ್. ಎರಡು ವರ್ಷ ಓದಿದರೆ ಎರಡು ವರ್ಷ ಸರ್ಕಾರಿ ಮಕ್ಕಳ ಕಲ್ಯಾಣ ಕೆಲಸ. ಮಕ್ಕಳ ಕಲ್ಯಾಣಕ್ಕೆ ಸಂಬಂಧಿಸಿದ ನಿಗದಿತ ವಿಷಯಗಳನ್ನು ಓದಬೇಕು, ವಾರದಲ್ಲಿ ಕೆಲವು ದಿನ ಕಚೇರಿಯಲ್ಲೇ ಕ್ಷೇತ್ರಕಾರ್ಯ ಮಾಡಬೇಕು. ಕಾರು ಓಡಿಸುವ ಲೈಸೆನ್ಸ್ ಇರಬೇಕು. ಇದು ವಿಚಿತ್ರ ಎನಿಸಬಹುದು; ರಾತ್ರಿ ಹತ್ತಕ್ಕೆ ದೂರು ಬಂದರೆ ಮೂವತ್ತು ಮೈಲಿ ದೂರದ ಮನೆಗೆ ಹೋಗಬೇಕಾದವರು ಇವರೇ ಎಂದು ನೆನೆದರೆ ಅನಿಸುವುದಿಲ್ಲ. ಈಗಾಗಲೇ ಕಚೇರಿಯಲ್ಲಿ ಕೆಲಸ ಮಾಡುತ್ತಿರುವವರೂ ಅರೆಕಾಲಿಕವಾಗಿ ಓದುತ್ತಾರೆ. 1935ರ ಅಜ್ಜ ಇಲ್ಲಿ ಇನ್ನೂ ಬದುಕಿದ್ದಾನೆ.

ಲೆಕ್ಕದಲ್ಲಿ ಒಂದು ಸೂಕ್ಷ್ಮವಿದೆ. ಶೇ 75 ಎಂದು ಕಾಯ್ದೆ ಹೇಳಿದರೂ ಅಷ್ಟೂ ಕೈಗೆ ಬರುವುದಿಲ್ಲ. ರಾಜ್ಯದ ಸಾಕುಮನೆಗಳಲ್ಲಿರುವ ಮಕ್ಕಳಲ್ಲಿ ಎಷ್ಟು ಮಕ್ಕಳು ಕೇಂದ್ರದ ನೆರವಿಗೆ ಅರ್ಹರೋ ಆ ಪ್ರಮಾಣದಿಂದ ಅದನ್ನು ಗುಣಿಸುವುದು ರೂಢಿ. ನೂರರಲ್ಲಿ ಐವತ್ತು ಮಕ್ಕಳು ಅರ್ಹರಾದರೆ 100 ಡಾಲರ್ ಖರ್ಚಿಗೆ ಬರುವುದು 75 ಅಲ್ಲ, 37.50 ಡಾಲರ್. ಅರ್ಹತೆಯ ಒಂದು ಮುಖ್ಯ ಅಳತೆ ಮಗುವಿನ ಮೂಲ ಕುಟುಂಬದ ಬಡತನ. ಅದೂ ಯಾವ ಕಾಲದ ಬಡತನ? 1996ರಲ್ಲಿ ಹಳೆಯ ಸಹಾಯಧನ ಯೋಜನೆಯನ್ನು ರದ್ದು ಮಾಡಿದಾಗ, ಸಾಕುಮನೆಯ ಅರ್ಹತೆಗೆ ಮಾತ್ರ ಆ ವರ್ಷದ ಜುಲೈ 16ರಂದು ಇದ್ದ ನಿಯಮವೇ ಮುಂದುವರಿಯಲಿ ಎಂದರು. ಬೆಲೆಗಳು ಏರಿದವು, ಗೆರೆ ಅಲ್ಲೇ ಉಳಿಯಿತು. ವರ್ಷ ಕಳೆದಂತೆ ಆ ಗೆರೆಯ ಕೆಳಗೆ ಬೀಳುವ ಕುಟುಂಬಗಳು ಕಡಿಮೆಯಾದವು. ಅರ್ಹ ಮಕ್ಕಳ ಪ್ರಮಾಣವೂ ಅದರ ಜತೆಗೆ ತರಬೇತಿಯ ಹಣವೂ ಇಳಿದವು. ಇಂದು ತರಗತಿಯಲ್ಲಿ ಕೂತ ವಿದ್ಯಾರ್ಥಿಯ ಓದಿಗೆ ಎಷ್ಟು ಹಣ ಬರುತ್ತದೆ ಎಂಬುದನ್ನು 1996ರ ಬಡತನದ ಕೋಲಿನಿಂದ ಅಳೆಯುತ್ತಿದ್ದಾರೆ. ಸರ್ಕಾರಿ ನಿಯಮಗಳನ್ನು ಅನುವಾದಿಸಿ ಅಭ್ಯಾಸವಿರುವ ನನಗೂ ಇದನ್ನು ನಂಬಲು ಎರಡು ಸಲ ಓದಬೇಕಾಯಿತು.

ಬಂದವರು ನಿಂತರೇ

ಅಮೆರಿಕದ ಸಂಸತ್ತಿನ ಲೆಕ್ಕಪತ್ರ ಸಂಸ್ಥೆ 2003ರಲ್ಲಿ ಒಂದು ವರದಿ ಕೊಟ್ಟಿತು. ಮಕ್ಕಳ ಕಲ್ಯಾಣ ಕಚೇರಿಗಳಲ್ಲಿ ವರ್ಷಕ್ಕೆ ಶೇ 30ರಿಂದ 40ರಷ್ಟು ಜನ ಕೆಲಸ ಬಿಡುತ್ತಾರೆ. ಸರಾಸರಿ ಒಬ್ಬರು ಎರಡು ವರ್ಷವೂ ನಿಲ್ಲುವುದಿಲ್ಲ. ಕಾರಣಗಳು ಊಹಿಸಬಹುದಾದವೇ: ಕಡಿಮೆ ಸಂಬಳ, ಹೊರಲಾರದಷ್ಟು ಪ್ರಕರಣಗಳು, ಮನೆಭೇಟಿಯ ಅಪಾಯ, ಮುಗಿಯದ ಕಾಗದದ ಕೆಲಸ, ಕೇಳಲು ಹಿರಿಯರಿಲ್ಲದಿರುವುದು.

ಇದು ಮಗುವಿನ ಕಡೆಯಿಂದ ಹೇಗೆ ಕಾಣುತ್ತದೆ? ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿ ಜಿಲ್ಲೆಯಲ್ಲಿ 2005ರಲ್ಲಿ ಮುಗಿದ ಅಧ್ಯಯನವೊಂದು ಬಹಳ ಉಲ್ಲೇಖಗೊಂಡಿದೆ. ಉದ್ದಕ್ಕೂ ಒಬ್ಬರೇ ಕಾರ್ಯಕರ್ತರಿದ್ದ ಮಕ್ಕಳಲ್ಲಿ ಶೇ 74.5ರಷ್ಟು ಮಕ್ಕಳಿಗೆ ಒಂದು ಶಾಶ್ವತ ನೆಲೆ, ಅಂದರೆ ಸ್ವಂತ ಮನೆಯೋ ದತ್ತುಮನೆಯೋ, ಸಿಕ್ಕಿತ್ತು. ಇಬ್ಬರು ಬದಲಾಗಿದ್ದರೆ ಅದು ಶೇ 17.5ಕ್ಕೆ ಕುಸಿದಿತ್ತು. ಈ ಅಂಕಿಯನ್ನು ಎಚ್ಚರದಿಂದ ಓದಬೇಕು. ಹೆಚ್ಚು ಕಾಲ ಸಾಕುಮನೆಯಲ್ಲಿ ಉಳಿಯುವ ಮಗು ಹೆಚ್ಚು ಕಾರ್ಯಕರ್ತರನ್ನು ನೋಡುವುದು ಸಹಜ. ಯಾವುದು ಕಾರಣ, ಯಾವುದು ಪರಿಣಾಮ ಎಂದು ಬಿಡಿಸುವುದು ಸುಲಭವಲ್ಲ. ಆದರೂ ಒಂದು ಮಾತಿದೆ. ತನ್ನ ಕಥೆಯನ್ನು ಮೊದಲಿನಿಂದ ಹೇಳಬೇಕಾಗುವ ಪ್ರತಿ ಹೊಸ ಮುಖವೂ ಮಗುವಿಗೆ ಒಂದು ನಷ್ಟವೇ. ಹಳೆಯವರು ಬರೆದಿಟ್ಟ ಫೈಲನ್ನು ಹೊಸಬರು ಓದಿ ಮುಗಿಸುವಷ್ಟರಲ್ಲಿ ನ್ಯಾಯಾಲಯದ ತಾರೀಖು ಕಳೆದಿರುತ್ತದೆ.

ಹಾಗಾದರೆ ಶಿಷ್ಯವೇತನ ಪಡೆದವರು ನಿಲ್ಲುತ್ತಾರೆಯೇ? ಈ ಬಗ್ಗೆ ಬೇರೆ ಬೇರೆ ರಾಜ್ಯಗಳಲ್ಲಿ ಅನೇಕ ಅಧ್ಯಯನಗಳಾಗಿವೆ. ಮುಚ್ಚಳಿಕೆಯ ಅವಧಿಯನ್ನು ಹೆಚ್ಚಿನವರು ಪೂರೈಸುತ್ತಾರೆ. ಅದು ಮುಗಿದ ಮೇಲೆ ಹಲವರು ಉಳಿಯುತ್ತಾರೆ, ಹಲವರು ಹೊರಡುತ್ತಾರೆ. ಯಾರು ಉಳಿಯುತ್ತಾರೆ ಎಂದು ಕೇಳಿದರೆ ಮತ್ತೆ ಮತ್ತೆ ಸಿಗುವ ಉತ್ತರ ಒಂದೇ: ಒಳ್ಳೆಯ ಮೇಲ್ವಿಚಾರಕರು ಸಿಕ್ಕವರು, ಹೊರಬಲ್ಲಷ್ಟೇ ಪ್ರಕರಣಗಳಿದ್ದವರು. ಅಂದರೆ ಹಣ ಕೊಟ್ಟು ಒಬ್ಬರನ್ನು ಬಾಗಿಲವರೆಗೆ ತರಬಹುದು; ಅಲ್ಲಿ ನಿಲ್ಲಿಸುವುದು ಕಚೇರಿಯ ಕೈಯಲ್ಲಿದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಕಾನೂನು ವಿದ್ವಾಂಸೆ ಡೊರೊತಿ ರಾಬರ್ಟ್ಸ್ ಎರಡು ದಶಕಗಳಿಂದ ಹೇಳುತ್ತ ಬಂದಿರುವುದು ಇದು: ಈ ವ್ಯವಸ್ಥೆ ಕಪ್ಪು ಕುಟುಂಬಗಳ ಮೇಲೆ ಅಳತೆ ಮೀರಿ ಬೀಳುತ್ತದೆ, ಬಡತನವನ್ನೇ ನಿರ್ಲಕ್ಷ್ಯ ಎಂದು ಓದುತ್ತದೆ. ಅಂಥ ವ್ಯವಸ್ಥೆಗೆ ಕಲಿತವರನ್ನು ಸೇರಿಸಿದರೆ ಅದು ಹೆಚ್ಚು ನಯವಾದ ಮಾತಿನಲ್ಲಿ ಅದೇ ಕೆಲಸ ಮಾಡಬಹುದಲ್ಲವೇ? ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಆದರೆ ನನಗೆ ಅನಿಸುವುದು, ಓದು ಇಲ್ಲದಿರುವುದು ಇದಕ್ಕೆ ಉತ್ತರವಲ್ಲ. ಖಾಲಿ ಅಡುಗೆಮನೆ ನೋಡಿದಾಗ ಅದು ಅಲಕ್ಷ್ಯವೋ ತಿಂಗಳ ಕೊನೆಯೋ ಎಂದು ಬೇರೆ ಮಾಡಿ ನೋಡುವುದು ಕಣ್ಣಿಗೆ ತಾನಾಗಿ ಬರುವುದಿಲ್ಲ, ಕಲಿಯಬೇಕು. ರಿಚ್ಮಂಡ್ ಪುಸ್ತಕ ಬರೆದದ್ದು ಅದಕ್ಕೇ.

ನಾಗಪಾಡಾದ ಎಳೆ

ಮುಂಬೈಯಲ್ಲಿರುವ ಓದುಗರಿಗೆ ಈ ಕಥೆ ಅಷ್ಟು ದೂರದ್ದಲ್ಲ. ಶಿಕಾಗೋದಲ್ಲಿ ಓದಿದ ಕ್ಲಿಫರ್ಡ್ ಮ್ಯಾನ್‌ಶಾರ್ಟ್ 1920ರ ದಶಕದಲ್ಲಿ ಮುಂಬೈಗೆ ಬಂದು ನಾಗಪಾಡಾದಲ್ಲಿ ಹಲ್ ಹೌಸಿನಂಥ ಒಂದು ನೆರೆಮನೆ ನಡೆಸಿದರು. 1936ರಲ್ಲಿ ಸರ್ ದೊರಾಬ್ಜಿ ಟಾಟಾ ಟ್ರಸ್ಟಿನ ಹಣದಿಂದ ಅಲ್ಲೇ ಭಾರತದ ಮೊದಲ ಸಮಾಜಕಾರ್ಯ ಶಾಲೆ ಶುರುವಾಯಿತು. ಅದೇ ಮುಂದೆ ದೇವನಾರಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ, ನಮ್ಮೆಲ್ಲರ ಬಾಯಲ್ಲಿ ‘ಟಿಸ್’. 1098 ಎಂಬ ಮಕ್ಕಳ ಸಹಾಯವಾಣಿ 1996ರಲ್ಲಿ ಹುಟ್ಟಿದ್ದೂ ಅದರ ಅಂಗಳದಲ್ಲಿ. ಮಂಗಳೂರಿನ ರೋಶನಿ ನಿಲಯ 1960ರಿಂದ ಸಮಾಜಕಾರ್ಯ ಕಲಿಸುತ್ತಿದೆ.

ನಮ್ಮಲ್ಲೂ 2015ರ ಬಾಲನ್ಯಾಯ ಕಾಯ್ದೆ ಇದೆ. ಜಿಲ್ಲೆಗೊಂದು ಮಕ್ಕಳ ರಕ್ಷಣಾ ಘಟಕ, ಮಕ್ಕಳ ಕಲ್ಯಾಣ ಸಮಿತಿ, ಮನೆಗೆ ಹೋಗಿ ವರದಿ ಬರೆಯುವ ಸಮಾಜ ಕಾರ್ಯಕರ್ತರು ಎಲ್ಲ ಇದ್ದಾರೆ. ಆ ಒಂದು ವರದಿಯ ಮೇಲೆ ಮಗು ಅಮ್ಮನ ಬಳಿ ಹೋಗುತ್ತದೋ ಬಾಲಮಂದಿರಕ್ಕೋ ಎಂಬುದು ನಿಂತಿರುತ್ತದೆ. ಅದನ್ನು ಬರೆಯುವವರಲ್ಲಿ ಬಹುಮಂದಿ ಗುತ್ತಿಗೆ ನೌಕರರು. ಓದಿನ ಖರ್ಚನ್ನು ತಾವೇ ಹೊತ್ತು ಬಂದವರು. ಅವರಿಂದ ಯಾರೂ ಮುಚ್ಚಳಿಕೆ ಬರೆಸಿಕೊಂಡಿಲ್ಲ. ಅವರಿಗೂ ಯಾರೂ ಬರೆದುಕೊಟ್ಟಿಲ್ಲ.

ಆ ಕೈಪಿಡಿಯ ಎರಡನೆಯ ಮುದ್ರಣಕ್ಕೆ ತಿದ್ದುಪಡಿಗಳಿದ್ದರೆ ಕಳಿಸಿ ಎಂದು ಈ ವರ್ಷ ಪತ್ರ ಬಂತು. ‘ಸ್ಟೈಪೆಂಡ್’ ಹಾಗೇ ಇರಲಿ ಎಂದೆ. ಲ್ಯಾಟಿನ್ನಿನಲ್ಲಿ ಅದರ ಮೂಲ ‘ಸ್ಟಿಪೆಂಡಿಯಂ’, ಅಂದರೆ ಸೈನಿಕರಿಗೆ ತೂಗಿ ಕೊಡುತ್ತಿದ್ದ ಸಂಬಳ. ಅದೇನೂ ತಪ್ಪು ಶಬ್ದವಲ್ಲ. ಆದರೆ ಆ ಮೂರು ಸಾಲಿಗೆ ನಾಲ್ಕನೆಯದೊಂದನ್ನು ಸೇರಿಸಲು ಕೇಳಿಕೊಂಡಿದ್ದೇನೆ: ಈ ಅವಧಿ ಮುಗಿದ ಮೇಲೂ ಅವರು ಕೆಲಸದಲ್ಲಿ ಉಳಿಯುವಂತೆ ನೋಡಿಕೊಳ್ಳುವುದು ಕಚೇರಿಯ ಹೊಣೆ. ಉತ್ತರ ಇನ್ನೂ ಬಂದಿಲ್ಲ.